ಬಿಲ್ಲಿಲ್ಲದ ಬುಗುಡಿ

ಬುಧವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಿಶ್ಚಿತಾರ್ಥದ ಉಂಗುರವೊಂದನ್ನು ತೂಗಿ ತೋರಿಸುತ್ತ, "ನಂಬಿಕೆ ಇದ್ರೆ ತಗೊಳ್ಳಿ" ಎಂದ ಯೋಗರಾಜನಿಗೆ ಆ ಮಾತು ತನ್ನ ಬಾಯಿಂದಲ್ಲ, ಬೆನ್ನ ಹಿಂದೆ ನಿಂತ ಬೇರೆ ಯಾರದೋ ಬಾಯಿಂದ ಬಂದಂತೆ ಕೇಳಿಸಿತು. ತೀರ್ಥಹಳ್ಳಿ ಪೇಟೆಯಲ್ಲಿ ಅವನು ಚಿನ್ನದ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ದಿನಕ್ಕೆ ನಾಲ್ಕು ಸಲವಾದರೂ ಆಡಿದ ಮಾತು ಅದು. ಆಡಿ ಆಡಿ ಅದಕ್ಕೊಂದು ಅರ್ಥವಿದೆ ಎಂಬುದೇ ಮರೆತುಹೋಗಿತ್ತು. ಎದುರಿಗೆ ಕೂತ ಗಂಡ ಹೆಂಡತಿ ನಕ್ಕರು. ನಂಬಿಕೆ ಇಲ್ಲದಿದ್ದರೆ ಕೋಣಂದೂರಿನಿಂದ ಇಲ್ಲಿಯ ತನಕ ಬರುತ್ತಿದ್ದೆವಾ ಎಂದು ಗಂಡಸು ಕೇಳಿದ. ಯೋಗರಾಜ ಉಂಗುರವನ್ನು ಭೂತಕನ್ನಡಿಯ ಕೆಳಗೆ ಹಿಡಿದು, ಅದರ ಒಳಮೈಯಲ್ಲಿ ಸಣ್ಣಗೆ ಕೊರೆದ ಆರು ಅಕ್ಷರದ ಹಾಲ್‌ಮಾರ್ಕ್ ಗುರುತು ತೋರಿಸಿದ. ಇದನ್ನು ಮೊಬೈಲಿನಲ್ಲಿ ಹಾಕಿದರೆ ಯಾವ ಅಂಗಡಿಯದು, ಎಲ್ಲಿ ಪರೀಕ್ಷೆಯಾಗಿದ್ದು, ಎಷ್ಟು ಶುದ್ಧ ಎಂಬುದೆಲ್ಲ ಬರುತ್ತದೆ, ಈಗಿನ ಕಾನೂನಿನಲ್ಲಿ ಯಾರನ್ನೂ ನಂಬಬೇಕಾದ ಅಗತ್ಯವೇ ಇಲ್ಲ ಎಂದು ವಿವರಿಸಿದ. ವಿವರಿಸುತ್ತಿರುವಾಗಲೇ ಅವನ ಕಣ್ಣು ಅವರ ಪಕ್ಕದ ಖಾಲಿ ಕುರ್ಚಿಗೆ ಹೋಯಿತು. ಹೋದ ಶುಕ್ರವಾರದಿಂದ ಎಷ್ಟೋ ಜನ ಅದರಲ್ಲಿ ಕೂತು ಎದ್ದು ಹೋಗಿದ್ದರು. ಆದರೆ ಅದು ಖಾಲಿಯಾದ ತಕ್ಷಣ, "ಆ ಕುರ್ಚಿ ಮೇಲೇ ಕೂತಿದ್ದೆ ಸರ್" ಎಂದು ಬೆರಳು ತೋರಿಸಿದ ಮಂಜುಶ್ರೀಯ ಕೈ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಫಿನೈಲಿಗೆ ಬಿರಿದ ಕೈ. ಉಗುರುಗಳನ್ನು ಬುಡದ ತನಕ ಕತ್ತರಿಸಿಕೊಂಡ ಕೈ.

ಶುಕ್ರವಾರವೂ ಇದೇ ಹೊತ್ತು. ಅಂಗಡಿಯಲ್ಲಿ ಮೂರು ಗಿರಾಕಿಗಳಿದ್ದರು. ಸಾಗರದಿಂದ ಬಂದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದರು. ಅಷ್ಟು ಮರ್ಯಾದೆ ಅವರಿಗೆ ಯೋಗರಾಜನ ಮೇಲೆ. ಅವರ ಹಿಂದೆ ಒಬ್ಬ ಮಹಿಳಾ ಪೊಲೀಸು, ಅವಳ ಪಕ್ಕದಲ್ಲಿ ಮಂಜುಶ್ರೀ, ಬಾಗಿಲ ಹತ್ತಿರ ದಪ್ಪ ಕನ್ನಡಕದ ಐವತ್ತೈದರ ಗಂಡಸು. ಸಾಗರದಲ್ಲಿ ಮುದ್ರಣಾಲಯ ನಡೆಸುವ ಸುಬ್ಬಯ್ಯ ಎಂದು ಅವರನ್ನು ಪರಿಚಯಿಸಿ, ಹೆಡ್ ಕಾನ್‌ಸ್ಟೇಬಲ್ಲು ತಗ್ಗಿದ ದನಿಯಲ್ಲಿ ವಿಷಯ ಹೇಳಿದರು. ಸುಬ್ಬಯ್ಯನವರ ತಾಯಿ ವೇದಾವತಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಈಕೆ ಮನೆಯಲ್ಲೇ ಇದ್ದು ಅವರ ಆರೈಕೆ ಮಾಡಿಕೊಂಡಿದ್ದವಳು. ಫೆಬ್ರುವರಿಯಲ್ಲಿ ಅಮ್ಮ ತೀರಿಕೊಂಡ ಮೇಲೆ ನೋಡಿದರೆ ಅವರ ಕಿವಿಯ ಕೆಂಪು ಕಲ್ಲಿನ ಬುಗುಡಿ ಕಾಣುತ್ತಿಲ್ಲ. ಕೇಳಿದರೆ ಅಮ್ಮನೇ ಕೊಟ್ಟರು, ಜನವರಿಯಲ್ಲಿ ತೀರ್ಥಹಳ್ಳಿಯ ಈ ಅಂಗಡಿಗೆ ಮಾರಿದೆ ಅನ್ನುತ್ತಾಳೆ. ನೀವು ಕೊಂಡದ್ದು ಹೌದಾ, ಕೊಂಡಿದ್ದರೆ ಎಷ್ಟಕ್ಕೆ, ಅಷ್ಟು ಹೇಳಿದರೆ ಸಾಕು ಎಂದರು. ಯೋಗರಾಜ ಮಂಜುಶ್ರೀಯನ್ನು ನೋಡಿದ. ಅವಳೂ ನೋಡಿದಳು, ಒಂದು ಥರದ ನಿರಾಳದಿಂದ. ಬೆಳಗ್ಗೆಯಿಂದ ಯಾರೂ ನಂಬದ ಮಾತನ್ನು ನಂಬಬಲ್ಲ ಒಬ್ಬ ಮನುಷ್ಯ ಕೊನೆಗೂ ಎದುರಿಗೆ ಸಿಕ್ಕ ಎನ್ನುವಂತೆ. ಆ ನಿರಾಳ ಕಂಡೇ ಅವನಿಗೆ ಹೆದರಿಕೆಯಾಯಿತು. "ಇಲ್ಲ. ಇವ್ರನ್ನ ನಾನು ನೋಡೇ ಇಲ್ಲ" ಎಂದ.

ಆಮೇಲೆ ಮಾತು ತಾನಾಗಿ ಬಂದಿತು, ಅದೂ ಎಷ್ಟು ಸಲೀಸಾಗಿ. ಹಳೆ ಚಿನ್ನ ಕೊಳ್ಳುವಾಗ ಮಾರುವವರ ಆಧಾರ್ ನಕಲು, ಫೋಟೋ, ಸಹಿ ಇಲ್ಲದೆ ನಮ್ಮಲ್ಲಿ ಮುಟ್ಟುವುದೇ ಇಲ್ಲ, ಹಣ ಕೊಡುವುದೂ ಬ್ಯಾಂಕಿನ ಮೂಲಕವೇ ಎಂದ. ಖರೀದಿಯ ಪುಸ್ತಕವನ್ನು ತೆಗೆದು ಜನವರಿಯ ಪುಟಗಳನ್ನು ತಾನೇ ತಿರುವಿ ತೋರಿಸಿದ. ಕ್ಯಾಮೆರಾದಲ್ಲಿ ಮೂವತ್ತು ದಿನದ್ದು ಮಾತ್ರ ಉಳಿಯುತ್ತದೆ ಎಂದು ಕೇಳುವ ಮೊದಲೇ ಹೇಳಿದ. ಮಂಜುಶ್ರೀ ಕುರ್ಚಿ ತೋರಿಸಿದ್ದು ಆಗ. ನೀವು ನೀರು ಕೊಟ್ಟಿರಿ ಸರ್ ಎಂದಳು. ಗಲ್ಲಾದ ಪಕ್ಕ ಅಂಗಡಿಯ ಕೆಲಸದ ಸತೀಶ ನಿಂತಿದ್ದ, ಹನ್ನೆರಡು ವರ್ಷದಿಂದ ಇರುವವನು. ಆ ನೀರಿನ ಲೋಟ ತಂದಿಟ್ಟವನೂ ಅವನೇ. ಅವನು ತಲೆ ಬಗ್ಗಿಸಿ ಕಪಾಟಿನ ಗಾಜು ಒರೆಸತೊಡಗಿದ. ಸುಬ್ಬಯ್ಯ ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿ, ತಮ್ಮ ಹವ್ಯಕ ಮಾತಿನಲ್ಲಿ, "ಇಲ್ಲೆ, ಇಲ್ಲಿ ಕೊಟ್ಟಿದ್ದಿಲ್ಲೆ ಹೇಳ್ತಾ ಇದ್ದ. ಪುಸ್ತ್ಕನೂ ತೋರ್ಸಿದ್ದ. ಬತ್ತೆ ಈಗ" ಎನ್ನುತ್ತಿದ್ದದ್ದು ಒಳಗೆ ಕೇಳಿಸಿತು. ಹೊರಡುವಾಗ ಅವರು ಯೋಗರಾಜನಿಗೆ ಕೈಮುಗಿದು, ನಾಲ್ಕು ಜನರ ಎದುರಿಗೆ ನಿಮಗೆ ಇರುಸುಮುರುಸು ಮಾಡಿದೆವು, ತಪ್ಪು ತಿಳಿಯಬೇಡಿ ಎಂದರು. ಮಂಜುಶ್ರೀ ಅಳಲಿಲ್ಲ, ಶಾಪ ಹಾಕಲಿಲ್ಲ. "ಸರಿ ಸರ್" ಎಂದಳು, ಅಷ್ಟೇ. ಸಾಮಾನು ಸಿಗದೆ ಅಂಗಡಿಯಿಂದ ವಾಪಸು ಹೋಗುವ ಗಿರಾಕಿ ಹೇಳಿದ ಹಾಗೆ.

ಕೋಣಂದೂರಿನವರು ಉಂಗುರ ಕೊಂಡು ಹೋದರು. ಬಿಲ್ಲು ಬರೆದುಕೊಟ್ಟ ಸತೀಶ ಕಾರ್ಬನ್ ಪ್ರತಿಯನ್ನು ಫೈಲಿಗೆ ಚುಚ್ಚುತ್ತ ನಿಂತ. ಐದು ದಿನದಿಂದ ಅವನ ಮಾತು ಕಡಿಮೆಯಾಗಿದೆ ಎಂದು ಯೋಗರಾಜನಿಗೆ ಅನಿಸುತ್ತಿತ್ತು. ಆಗಿರಲಿಕ್ಕಿಲ್ಲ. ಸತೀಶ ಮೊದಲೂ ಮಾತಿನವನಲ್ಲ. ಶನಿವಾರ ಸಂಜೆ ಷಟರ್ ಎಳೆಯುವಾಗ ಮಾತ್ರ ಅವನು, ಎಲ್ಲೋ ನೋಡುತ್ತ, "ನನ್ನ ಬಾಯಿಂದ ಹೊರಗೆ ಹೋಗಲ್ಲ ಬಿಡಿ ಅಣ್ಣ" ಎಂದಿದ್ದ. ಧೈರ್ಯ ಹೇಳುವುದಕ್ಕೆ ಆಡಿದ ಮಾತು. ಅದು ಯೋಗರಾಜನ ಕೆನ್ನೆಗೆ ಹೊಡೆದಂತಾಗಿತ್ತು. ಇಷ್ಟು ದಿನ ಸತೀಶ ತನ್ನಿಂದ ಕಲಿತದ್ದು ತೂಕ, ಬೆಸುಗೆ, ಒರೆಗಲ್ಲಿನ ಮೇಲೆ ಗೆರೆ ನೋಡುವ ಕಣ್ಣು. ಈಗ ಇದನ್ನೂ ಕಲಿತ. ಮನೆಗೆ ಹೋಗಿ ಹೆಂಡತಿಗೆ ಹೇಳಿರಬಹುದೇ? ಹೇಳಿದ್ದರೆ ಅವಳು ಏನಂದಿರಬಹುದು? ಅಷ್ಟು ದೊಡ್ಡವರೇ ಹಾಗೆ ಮಾಡಿದ ಮೇಲೆ ಎಂದಿರಬಹುದು. ಯೋಗರಾಜನಿಗೆ ತನ್ನ ಮನೆಯಲ್ಲಿ ಹೇಳಿಕೊಳ್ಳಲು ಆಗಿರಲಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಬಡಿಸಲು ಕೈ ಚಾಚಿದರೆ ಅವಳ ಕೈಯನ್ನೇ ನೋಡುತ್ತಿದ್ದ. ಏನಾಯ್ತು ಎಂದು ಅವಳು ಕೇಳಿದರೆ ಉಪ್ಪು ಕಮ್ಮಿಯಾಗಿದೆ ಅನ್ನುತ್ತಿದ್ದ.

ಜನವರಿಯಲ್ಲಿ, ಸಂಕ್ರಾಂತಿ ಕಳೆದ ನಾಲ್ಕನೆಯ ದಿನವೋ ಐದನೆಯ ದಿನವೋ, ಮಧ್ಯಾಹ್ನದ ಬಸ್ಸಿಗೆ ಬಂದಿಳಿದ ಮಂಜುಶ್ರೀ ಆ ಕುರ್ಚಿಯಲ್ಲಿ ಕೂತು, ನೀರು ಕುಡಿದು, ಮಡಿಲ ಚೀಲದಿಂದ ಔಷಧಿಯ ಖಾಲಿ ಡಬ್ಬಿಯೊಂದನ್ನು ತೆಗೆದಿದ್ದಳು. ಹತ್ತಿಯ ನಡುವೆ ಬುಗುಡಿ. ಕಿವಿಯ ಮೇಲಂಚಿಗೆ ಹಾಕುವ ಆ ಆಭರಣವನ್ನು ಈಗ ಯಾರೂ ಮಾಡಿಸುವುದಿಲ್ಲ. ಅಷ್ಟು ಹಳೆಯ, ಅಷ್ಟು ಚೆಂದದ ಜೋಡಿಯನ್ನು ಯೋಗರಾಜನೂ ವರ್ಷಗಳಿಂದ ನೋಡಿರಲಿಲ್ಲ. ಒಂದೊಂದರಲ್ಲೂ ಐದೈದು ಕೆಂಪು ಕಲ್ಲು. ಅಂಗಡಿಯವನ ಕಣ್ಣು ಮೊದಲು ಬುಗುಡಿಗೆ ಹೋಯಿತು, ಆಮೇಲೆ ಅವಳ ಹವಾಯಿ ಚಪ್ಪಲಿಗೆ, ಆಮೇಲೆ ಮತ್ತೆ ಬುಗುಡಿಗೆ. ಯಾವ ಊರು ಎಂದು ಕೇಳಿದ. ಹೊಸನಗರದ ಕಡೆಯವಳು, ಕೆಲಸ ಸಾಗರದಲ್ಲಿ ಎಂದಳು. ಸಾಗರದಲ್ಲಿ ಅಂಗಡಿಗಳಿಲ್ಲವಾ ಎಂದ. ಅಲ್ಲಿ ಎಲ್ಲರಿಗೂ ಆ ಮನೆಯವರ ಒಡವೆ ಗುರುತು, ಸುಮ್ಮನೆ ಅಮ್ಮನಿಗೆ ಮಾತು ಬರುತ್ತದೆ ಅಂತ ಇಲ್ಲಿಗೆ ಬಂದೆ, ಮುಂದೆ ಕೆಲಸಕ್ಕೆ ಮನೆಯಿಂದ ಮನೆಗೆ ಓಡಾಡಲು ಒಂದು ಹಳೆ ಸ್ಕೂಟರ್ ನೋಡಿಟ್ಟಿದ್ದೇನೆ ಎಂದಳು. ಕೇಳದೆಯೇ ಆಧಾರ್ ಕಾರ್ಡು ತೆಗೆದು ಗಾಜಿನ ಮೇಲೆ ಇಟ್ಟಳು. ಅದರ ಪಕ್ಕದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ, ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದದ್ದು. "ಅಮ್ಮನೇ ಬರ್ದುಕೊಟ್ಟಿದಾರೆ ಸರ್. ಓದಿ ನೋಡಿ" ಎಂದಳು.

ಅವನು ಓದಲಿಲ್ಲ. ಒಂದು ಬೆರಳಿನಿಂದ ಅದನ್ನು ಹಿಂದಕ್ಕೆ ತಳ್ಳಿ, ಅದೆಲ್ಲ ಒಳಗಿಡಿ ಎಂದ. ಯಾಕೆ ಓದಲಿಲ್ಲ ಎಂಬುದನ್ನು ಈ ಐದು ದಿನದಲ್ಲಿ ಎಷ್ಟು ಸಲ ಕೇಳಿಕೊಂಡನೋ. ಹೆದರಿಕೆಗೆ ಎಂದು ಮೊದಲು ಹೇಳಿಕೊಂಡ. ಕಳವಿನ ಮಾಲಾದರೆ ತನ್ನ ಕುತ್ತಿಗೆಗೆ ಬರುತ್ತದೆ ಎಂದು. ಆದರೆ ಹೆದರಿದವನು ಕೊಳ್ಳದೆ ಕಳಿಸುತ್ತಾನೆ, ಇಲ್ಲವೇ ಕಾಗದ ಕೇಳಿ ಪಡೆಯುತ್ತಾನೆ. ಅವನು ಎರಡೂ ಮಾಡಲಿಲ್ಲ. ಓದಿ ಅದು ನಿಜ ಎಂದಾಗಿಬಿಟ್ಟರೆ ಪೂರ್ತಿ ಬೆಲೆ ಕೊಡಬೇಕಾಗುತ್ತಿತ್ತು. ಅವಳ ಮೇಲೆ ಬಂದ ಅನುಮಾನ ಅವನಿಗೆ ಬೇಕಾಗಿತ್ತು, ಹೋಗಿಬಿಟ್ಟರೆ ನಷ್ಟ. ಇಂಥ ಹಳೆ ಸಾಮಾನು ಕೊಳ್ಳುವುದು ನಮಗೆ ಅಪಾಯ, ಬಿಲ್ಲು ಮಾಡಲಿಕ್ಕಾಗದು, ಹಾಗಾಗಿ ರೇಟು ಇಷ್ಟೇ, ನಗದಾಗಿ ಕೊಡುತ್ತೇನೆ ಎಂದು ಹೇಳಿದ. ಮೂರರಲ್ಲಿ ಎರಡು ಪಾಲಿನ ಬೆಲೆ. ಕಲ್ಲಿನ ತೂಕ ಕಳೆಯುತ್ತೇನೆ, ಅದು ಗಾಜು ಎಂದ. ಭೂತಕನ್ನಡಿ ಕಣ್ಣಿಗಿಟ್ಟುಕೊಂಡೇ ಎಂದ. ಆ ಕನ್ನಡಿಯಲ್ಲಿ ಹತ್ತೂ ಕಲ್ಲು ಒಳಗೊಳಗೇ ಉರಿಯುವ ಅಪ್ಪಟ ಕೆಂಪಾಗಿ, ಮಾಣಿಕ್ಯವಾಗಿ ಕಾಣುತ್ತಿರುವಾಗಲೇ. ಗಾಜಾದರೂ ಪರವಾಗಿಲ್ಲ, ಅಮ್ಮನ ನೆನಪಿಗೆ ಕಲ್ಲು ವಾಪಸು ಕೊಡುತ್ತೀರಾ ಎಂದು ಅವಳು ಕೇಳಿದಳು. ತೆಗೆಯುವಾಗ ಒಡೆದುಹೋಗುತ್ತದೆ ಎಂದ. ಅವಳ ಕಣ್ಣು ಗೋಡೆಯ ಮೇಲಿನ ಫಲಕದ ಕಡೆ ಹೋಗಿತ್ತು. ಪ್ರತಿ ಖರೀದಿಗೂ ಬಿಲ್ಲು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು ಎಂದು ಅದರಲ್ಲಿತ್ತು. ಅಕ್ಷರ ಬರೆಸಿದವನು ಅವನೇ.

ಸಂಜೆ ನಾಲ್ಕಕ್ಕೆ ಚಿನ್ನ ಬೆಳ್ಳಿ ವರ್ತಕರ ಸಂಘದ ಸಭೆಯಿತ್ತು. ಯೋಗರಾಜ ಅದರ ಕಾರ್ಯದರ್ಶಿ. ಹಾಲ್‌ಮಾರ್ಕ್ ಕಡ್ಡಾಯವಾದ ವರ್ಷ ಊರಿನ ಅಂಗಡಿಯವರೆಲ್ಲ ತಲೆ ಕೆಡಿಸಿಕೊಂಡು ಕೂತಿದ್ದಾಗ ಇಂಗ್ಲಿಷಿನ ಸುತ್ತೋಲೆಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸಿ ಸಂಘದ ಗುಂಪಿಗೆ ಕಳಿಸಿದವನು ಅವನು. ಕಾನೂನಿನ ಸಂಶಯ ಬಂದರೆ ಶಿವಮೊಗ್ಗದ ವಕೀಲರಿಗಿಂತ ಮೊದಲು ಯೋಗರಾಜನಿಗೆ ಫೋನು ಬರುತ್ತಿತ್ತು. ಇವತ್ತು ಅವನು ಹಳೆ ಚಿನ್ನದ ಖರೀದಿಯ ನಿಯಮಗಳನ್ನು ಓದಿ ಹೇಳಬೇಕಿತ್ತು. ದಿನಾಂಕ ಗೊತ್ತಾಗಿ ತಿಂಗಳಾಗಿತ್ತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸಭೆ ಶುರುವಾಗುವ ಮೊದಲು ಅಧ್ಯಕ್ಷ ಕೆರಿಯಪ್ಪನವರು, ಎಪ್ಪತ್ತು ದಾಟಿದ ಹಿರಿಯರು, ಪಕ್ಕಕ್ಕೆ ಕರೆದು ಭುಜದ ಮೇಲೆ ಕೈಯಿಟ್ಟರು. ಶುಕ್ರವಾರ ಪೊಲೀಸರು ಬಂದ ವಿಷಯ ಅವರಿಗೆ ಗೊತ್ತಾಗಿತ್ತು. "ನಂಗೂ ಫೋನ್ ಮಾಡಿ ಕೇಳಿದ್ರು ತಮ್ಮಾ. ಬಿಲ್ಲಿಲ್ದೆ ಅವ ಒಂದು ಗುಂಜಿ ಚಿನ್ನ ಮುಟ್ಟೋನಲ್ಲ, ನಾನು ಬರ್ದುಕೊಡ್ತೀನಿ ಬೇಕಾದ್ರೆ ಅಂದೆ." ಆ ಕೈ ಭಾರವಾಗಿತ್ತು. ಮುದುಕನ ಉಸಿರಿನಲ್ಲಿ ಲವಂಗದ ವಾಸನೆಯಿತ್ತು. ಯೋಗರಾಜ ಬಾಯಿ ತೆರೆದ. ಕೆರಿಯಪ್ಪನವರು ಅಷ್ಟರಲ್ಲಿ ಮೈಕಿನ ಕಡೆ ತಿರುಗಿದ್ದರು. ಹಾಗಾದರೆ ಅವಳ ವಿರುದ್ಧ ಬಿದ್ದದ್ದು ತನ್ನ ಒಂದು ಮಾತಲ್ಲ. ತನ್ನ ಇಪ್ಪತ್ತೆರಡು ವರ್ಷದ ಹೆಸರು, ಈ ಒಳ್ಳೆಯ ಮುದುಕನ ನಾಲಿಗೆ, ಎಲ್ಲ ಸೇರಿ ಬಿದ್ದಿವೆ.

ಓದಲು ನಿಂತ. ಮಾರುವವರ ಗುರುತಿನ ಚೀಟಿಯ ನಕಲು ಪಡೆಯತಕ್ಕದ್ದು. ವಸ್ತುವಿನ ಮೂಲದ ಬಗ್ಗೆ ಹೇಳಿಕೆ ಪಡೆಯತಕ್ಕದ್ದು. ಹಿಂದಿನ ಸಾಲಿನಲ್ಲಿ ಯಾರೋ ಬರೆದುಕೊಳ್ಳುತ್ತಿದ್ದರು. ಮಾರುವವರು ಯಾವುದಾದರೂ ದಾಖಲೆ ಹಾಜರುಪಡಿಸಿದಲ್ಲಿ ಅದನ್ನು ಓದಿ ನೋಡತಕ್ಕದ್ದು ಎನ್ನುವಲ್ಲಿ ನಾಲಿಗೆ ನಿಂತಿತು. ಓದಿ ನೋಡಿ ಎಂದ ಅವಳ ದನಿ ಕಾಗದದ ಮೇಲಿಂದ ಎದ್ದು ಬಂದ ಹಾಗಾಯಿತು. ನೀರು ಕುಡಿದ. ಮತ್ತೆ ಅದೇ ಸಾಲು ಓದಿದ. ಬಿಸಿಲಿಗೆ ಹೀಗಾಗುತ್ತದೆ, ಮಾರ್ಚಿನಲ್ಲೇ ಈ ಸೆಕೆ ಎಂದು ಯಾರೋ ಫ್ಯಾನು ಜೋರು ಮಾಡಿದರು. ಸಂಶಯಗಳಿದ್ದರೆ ಕೇಳಿ ಎಂದಾಗ ಹೊಸದಾಗಿ ಅಂಗಡಿ ಇಟ್ಟವನೊಬ್ಬ ಎದ್ದು, ಗುರುತಿನ ಬಡವರು ಯಾರಾದರೂ ಬಂದರೆ, ಕಾಗದವಿಲ್ಲ, ಪಾಪ ಅನಿಸುತ್ತದೆ, ಆಗ ಏನು ಮಾಡುವುದು ಎಂದು ಕೇಳಿದ. ಕಾಗದವಿದ್ದರೂ ಕೆಲವರು ನೋಡುವುದಿಲ್ಲ ಎಂದುಬಿಟ್ಟ ಯೋಗರಾಜ. ಯಾರಿಗೂ ಅರ್ಥವಾಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಾಗದಗಳನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಬಂದ.

ಮರುದಿನ ಬೆಳಗ್ಗೆ ಅಂಗಡಿಯನ್ನು ಸತೀಶನಿಗೆ ಒಪ್ಪಿಸಿ ಕಾರು ಹತ್ತಿದಾಗ ಅವನ ಜೇಬಿನಲ್ಲಿ ಎರಡು ಪೊಟ್ಟಣಗಳಿದ್ದವು. ಒಂದರಲ್ಲಿ ಬುಗುಡಿಯ ಹತ್ತು ಕೆಂಪು ಕಲ್ಲು. ಚಿನ್ನವನ್ನು ಆಗಲೇ ಕರಗಿಸಿಯಾಗಿತ್ತು. ಕಲ್ಲುಗಳನ್ನು ಮಾತ್ರ, ಕಾಗದಪತ್ರ ಇಲ್ಲದ್ದರಿಂದ, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ. ಇನ್ನೊಂದರಲ್ಲಿ ಅವಳಿಗೆ ಕಡಿಮೆ ಕೊಟ್ಟಷ್ಟೂ ಹಣ. ಮೊದಲು ಸಾಗರದ ಹೆಡ್ ಕಾನ್‌ಸ್ಟೇಬಲ್ಲಿಗೆ ಫೋನ್ ಮಾಡಿದ. ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರಿನ ಹತ್ತಿರ ಕಾರು ನಿಲ್ಲಿಸಿ, ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. "ಎಂತ ಯೋಗರಾಜಣ್ಣ ನೀವು" ಎಂದರು ಅವರು, ಬೇಸರದಲ್ಲಿ. "ಎಫ್‌ಐಆರೇ ಆಗಿಲ್ಲ. ಎರಡೂ ಕಡೆಯೋರು ರಾಜಿ ಅಂತ ಬರ್ದುಕೊಟ್ಟು ಹೋಗಿದಾರೆ. ಈಗ ನಿಮ್ಮ ಹೇಳಿಕೆ ತಗೊಂಡ್ರೆ ನಿಮ್ಮ ಮೇಲೇ ಬರ್ಕೋಬೇಕು. ಬೇಕಾ?" ಬೇಡ ಎಂದು ಅವನು ಹೇಳಲಿಲ್ಲ. ಬೇಕು ಎಂದೂ ಹೇಳಲಿಲ್ಲ. ಸರಿ, ನೋಡುತ್ತೇನೆ ಎಂದು ಫೋನ್ ಇಟ್ಟ. ಇಟ್ಟ ಮೇಲೆ ಎದೆಯೊಳಗೆ ಏನೋ ಹಗುರವಾಗಿ ಕಾಲು ಚಾಚಿತು, ರಸ್ತೆ ಬದಿಯ ಮುತ್ತುಗದ ಹೂವು ಕೂಡ ಕಣ್ಣಿಗೆ ಬಿತ್ತು. ಅದು ಸಂತೋಷ ಎಂದು ಗೊತ್ತಾದಾಗ ಅವನಿಗೆ ತನ್ನ ಮೈಯೇ ಅಸಹ್ಯವೆನಿಸಿತು.

ಸುಬ್ಬಯ್ಯನವರ ಮುದ್ರಣಾಲಯದಲ್ಲಿ ಯಾವುದೋ ಮದುವೆಯ ಕರೆಯೋಲೆ ಅಚ್ಚಾಗುತ್ತಿತ್ತು. ಯಂತ್ರದ ಸದ್ದಿನಲ್ಲಿ ಹೇಳಬೇಕಾದ್ದನ್ನು ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಅವರು ಕೈಯೆತ್ತಿ ಯಂತ್ರ ನಿಲ್ಲಿಸಿದರು, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಮಂಜುಶ್ರೀ ಆ ಚೀಟಿಯನ್ನು ನಮಗೂ ತೋರಿಸಿದ್ದಳು ಎಂದರು. ಚಮಚ ಹಿಡಿಯಲಾರದ ಅಮ್ಮ ಪತ್ರ ಬರೆಯುತ್ತಾರಾ ಎಂದು ಮನೆಯವಳು ಅಂದಳು, ಹೌದೆನಿಸಿತು. ಅಕ್ಷರ ಅಮ್ಮನದ್ದರ ಹಾಗೇ ಇತ್ತು, ಸೊಟ್ಟಗೆ. ಆದರೆ ಅದರಲ್ಲಿ ಬರೆದದ್ದನ್ನು ಒಪ್ಪಲಿಕ್ಕೆ ಆಗಲಿಲ್ಲ. "ಏನು ಬರೆದಿತ್ತು?" ಎಂದು ಕೇಳಿದ ಯೋಗರಾಜ. ಸುಬ್ಬಯ್ಯ ಕನ್ನಡಕ ಹಾಕಿಕೊಂಡರು. "ಎರಡು ವರ್ಷ ನನ್ನ ಮೈ ತೊಳೆದವಳು ಇವಳೊಬ್ಬಳೇ, ಇದು ಇವಳಿಗೆ ಅಂತ ಬರೆದಿತ್ತು" ಎಂದರು.

ಆಮೇಲೆ ಅವರು ವ್ಯವಹಾರದ ದನಿಗೆ ಬಂದರು. ತಪ್ಪಾಯಿತು ಎಂದು ಅವಳು ಬರೆದುಕೊಟ್ಟು, ಸ್ಕೂಟರ್ ಇಲ್ಲೇ ಬಿಟ್ಟು ಹೋದಳು, ಅದನ್ನು ಮಾರಿಯಾಯಿತು. ಈಗ ಇದನ್ನೆಲ್ಲ ಮತ್ತೆ ತೆಗೆದರೆ ಮನೆ ಎರಡು ಹೋಳಾಗುತ್ತದೆ. ಅವಳಿಗೆ ಏನು ಸಲ್ಲಬೇಕೋ ತಾನು ಸುಮ್ಮನೆ ಕಳಿಸಿಕೊಡುತ್ತೇನೆ ಎಂದರು. ಕಳಿಸುತ್ತಾರೋ ಇಲ್ಲವೋ ಹೇಳುವ ಹಾಗಿರಲಿಲ್ಲ. ಅವರಿಗೂ ನಾಚಿಕೆಯಾಗುತ್ತಿದೆ ಎಂಬುದು ಯೋಗರಾಜನಿಗೆ ಕಾಣುತ್ತಿತ್ತು, ಆದರೆ ಅವರ ನಾಚಿಕೆ ಅವರದ್ದು, ತನ್ನದರೊಡನೆ ಸೇರಿ ಅರ್ಧವಾಗುವಂಥದ್ದಲ್ಲ. ಅವಳು ಈಗ ಮಾಸ್ತಿಕಟ್ಟೆಯಲ್ಲಿ ಗುತ್ಯಮ್ಮ ಎಂಬ ನಿವೃತ್ತ ಟೀಚರ ಮನೆಯಲ್ಲಿದ್ದಾಳೆ, ಲಕ್ವ ಹೊಡೆದ ಗಂಡನನ್ನು ನೋಡಿಕೊಳ್ಳಲು ಎಂದು ವಿಳಾಸ ಹೇಳಿದರು. ಆ ಟೀಚರು ಕೆಲಸಕ್ಕೆ ಇಟ್ಟುಕೊಳ್ಳುವ ಮೊದಲು ನಮ್ಮ ಮನೆಗೆ ಫೋನ್ ಮಾಡಿ ವಿಚಾರಿಸಿದ್ದರು ಎಂದೂ ಹೇಳಿದರು. ನೀವೇನು ಹೇಳಿದಿರಿ ಎಂದು ಯೋಗರಾಜ ಕೇಳಲಿಲ್ಲ.

ಹೊಸನಗರ ದಾಟಿ ನಗರ ಎಂಬ ಊರಿನ ಮೇಲಾಗಿ ಮಾಸ್ತಿಕಟ್ಟೆ ತಲುಪುವಾಗ ಮೂರು ಗಂಟೆ. ಮಾಣಿ ಅಣೆಕಟ್ಟಿನ ಕೆಲಸದವರಿಗಾಗಿ ಕಟ್ಟಿದ ಕಾಲನಿಯ ಪಕ್ಕದಲ್ಲಿ ತಗಡಿನ ಮಾಡಿನ ಮನೆ. ಬಾಗಿಲು ತೆಗೆದದ್ದು ಮಂಜುಶ್ರೀಯೇ. ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ಅವನನ್ನು ಗುರುತು ಹಿಡಿದಳು, ಹಿಡಿದದ್ದು ಕಣ್ಣಿನಲ್ಲಿ ಕಾಣಿಸಿತು, ಆದರೆ ಮುಖ ಕದಲಲಿಲ್ಲ. ಟೀಚರ್ ಸ್ನಾನಕ್ಕೆ ಹೋಗಿದ್ದಾರೆ ಎಂದಳು. ನಿಮ್ಮನ್ನೇ ನೋಡಲು ಬಂದೆ ಎಂದ ಅವನು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗದೆ ಎರಡೂ ಪೊಟ್ಟಣಗಳನ್ನು ತೆಗೆದು ಚಾಚಿದ. ಕಲ್ಲು ಗಾಜಲ್ಲ, ಅಪ್ಪಟ ಕೆಂಪು, ನಿಮ್ಮದು, ಉಳಿದ ಹಣವೂ ಇದೆ, ತಪ್ಪಾಯಿತು ಎಂದ. ಅವಳು ಕೈ ಚಾಚಲಿಲ್ಲ. ಪೊಟ್ಟಣಗಳನ್ನೇ ನೋಡುತ್ತ ಕೇಳಿದಳು. "ಬಿಲ್ ತಂದಿದೀರಾ?"

ಅವನಿಗೆ ಅರ್ಥವಾಗಲಿಲ್ಲ. "ಬಿಲ್ ಇಲ್ದೆ ನಾನು ಇದನ್ನ ಎಲ್ಲಿಡ್ಲಿ ಸರ್? ನನ್ನ ಚೀಲದಲ್ಲಿ ಇಂಥ ಕಲ್ಲು ಸಿಕ್ಕಿದ್ರೆ ಈ ಮನೆಯಲ್ಲಿ ಎಂತ ತಿಳ್ಕೋತಾರೆ?" ಕೋಪದ ದನಿಯಾಗಿರಲಿಲ್ಲ. ತಿಳಿಯದವರಿಗೆ ಔಷಧಿ ಹೇಗೆ ಕೊಡಬೇಕು ಎಂದು ವಿವರಿಸುವ ದನಿ. ಕಾನೂನು ಹೇಳಿಕೊಡುವ ತಾನು ಎರಡನೆಯ ಸಲವೂ ಕಾಗದವಿಲ್ಲದೆ ಅವಳ ಎದುರು ನಿಂತಿದ್ದೇನೆ ಎಂಬುದು ಯೋಗರಾಜನಿಗೆ ಆಗ ಹೊಳೆಯಿತು. ನಾಳೆಯೇ ಮಾಡಿ ತರುತ್ತೇನೆ, ಜನವರಿಯಲ್ಲಿ ಕೊಂಡದ್ದು, ಆಗ ದಾಖಲೆ ಮಾಡದಿದ್ದದ್ದು ನನ್ನ ತಪ್ಪು ಎಂದು ಅದರಲ್ಲೇ ಬರೆದು ಸಹಿ ಹಾಕುತ್ತೇನೆ ಎಂದ. ಹಾಗಾದರೆ ಇವನ್ನೂ ಅದರ ಜೊತೆಗೇ ತನ್ನಿ ಎಂದಳು. ಅವನು ಪೊಟ್ಟಣಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಒಳಗೆ ಎಲ್ಲೋ ಕೊಡದ ನೀರು ಸುರಿಯುವ ಸದ್ದು ನಿಂತಿತು. ಅವಳು ಒಮ್ಮೆ ಆ ಕಡೆ ನೋಡಿ, ದನಿ ತಗ್ಗಿಸಿ, "ಬಂದಿದ್ದೀರಲ್ಲ, ಟೀಚರ್‌ಗೆ ಹೇಳಿ ಹೋಗಿ. ಸ್ನಾನಕ್ಕೆ ಹೋಗುವಾಗ ಕಪಾಟಿನ ಬೀಗದ ಕೈ ಬಚ್ಚಲಿಗೇ ತಗೊಂಡು ಹೋಗ್ತಾರೆ" ಎಂದಳು. ಅವನಲ್ಲಿ ಅವಳು ಕೇಳಿದ್ದು ಇದೊಂದನ್ನೇ.

ಗುತ್ಯಮ್ಮ ಟೀಚರು ಅರವತ್ತೈದರ, ನೆಟ್ಟಗಿನ, ದೊಡ್ಡ ಬೊಟ್ಟಿನ ಹೆಂಗಸು. ಒದ್ದೆ ತಲೆಗೆ ಟವಲು ಸುತ್ತಿಕೊಂಡೇ ಬಂದು ಕೂತರು. ಒಳಕೋಣೆಯ ಮಂಚದಲ್ಲಿ ಅವರ ಗಂಡ ಬೆಳ್ಳಪ್ಪನವರು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. ಯೋಗರಾಜ ನಿಂತುಕೊಂಡೇ ಹೇಳಿದ. ಮಂಜುಶ್ರೀ ಕದ್ದಿಲ್ಲ, ಅದು ಅವಳಿಗೆ ಕೊಟ್ಟದ್ದು, ಆಧಾರ್ ಕಾರ್ಡು, ಪತ್ರ ಎಲ್ಲ ಇಟ್ಟುಕೊಂಡೇ ಅವಳು ಬಂದಿದ್ದಳು, ನಾನು ನೋಡಲಿಲ್ಲ, ಕಡಿಮೆ ಬೆಲೆಗೆ ಹೊಡೆದುಕೊಂಡೆ, ಪೊಲೀಸರು ಬಂದಾಗ ಸುಳ್ಳು ಹೇಳಿದೆ. "ಕಳ್ಳತನ ಮಾಡಿದ್ದು ನಾನು" ಎಂದ. ಟೀಚರು ಬೈಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ಕಾದ. ಬೈದರೆ ಸಾಕು ಎನ್ನುವಷ್ಟು ಕಾದ. ಅವರು ಅವನನ್ನೇ ಎವೆಯಿಕ್ಕದೆ ನೋಡಿದರು. ಕಣ್ಣಲ್ಲಿ ನೀರು ಬಂದಿತ್ತು.

"ಕೂತ್ಕೊಳ್ಳಿ. ಮೊದ್ಲು ಕೂತ್ಕೊಳ್ಳಿ" ಎಂದರು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ತಾನಾಗಿ ಬಂದು ತಪ್ಪು ಒಪ್ಪಿಕೊಂಡ ಹುಡುಗರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು ಎಂದರು. ಈಗಿನ ಕಾಲದಲ್ಲಿ, ಅದೂ ನಿಮ್ಮ ವ್ಯಾಪಾರದಲ್ಲಿ, ಇಷ್ಟು ದೂರ ಕಾರು ಹೊಡೆದುಕೊಂಡು ಬಂದು ಹೀಗೆ ಹೇಳುವವರು ಯಾರಿದ್ದಾರೆ ಎಂದರು. ಒಳಗೆ ಮಲಗಿದ ಗಂಡನಿಗೆ ಕೇಳುವಂತೆ, ನೋಡಿ, ಇನ್ನೂ ಇಂಥ ಮನುಷ್ಯರಿದ್ದಾರೆ ಎಂದು ಕೂಗಿ ಹೇಳಿದರು. ಯೋಗರಾಜ ಬೇಡ ಎನ್ನುವಂತೆ ಕೈಯಾಡಿಸಿದ. ಅದನ್ನೂ ಅವರು ವಿನಯ ಎಂದುಕೊಂಡರು. ಮಂಜುಶ್ರೀ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಡೆ ತಿರುಗಿ ಟೀಚರು, "ನಿಂತ್ಕೊಂಡು ಎಂತ ನೋಡ್ತೀಯ? ಅವ್ರಿಗೆ ಕಾಫಿ ಮಾಡು" ಎಂದರು.

ಅವಳು ಒಳಗೆ ಹೋದಳು. ಅಷ್ಟರಲ್ಲಿ ಟೀಚರು ಸೆರಗಿನ ಗಂಟು ಬಿಚ್ಚಿ, ಕಪಾಟು ತೆಗೆದು, ಒಂದು ಜೊತೆ ಬಳೆ ತಂದು ಅವನ ಕೈಗಿಟ್ಟರು. ಅಮ್ಮನ ಕಾಲದ್ದು, ಇದಕ್ಕೆ ಹಾಲ್‌ಮಾರ್ಕ್ ಗೀಲ್‌ಮಾರ್ಕ್ ಎಂಥದೂ ಇಲ್ಲ, ಯಾರ ಹತ್ತಿರ ತೋರಿಸುವುದೋ ಎಂದು ಹೆದರಿ ಇಟ್ಟುಕೊಂಡಿದ್ದೆ, ನಿಮ್ಮಂಥವರು ಸಿಕ್ಕಿದ್ದು ಒಳ್ಳೆಯದಾಯಿತು, ಒಮ್ಮೆ ನೋಡಿ ಹೇಳಿ ಎಂದರು. ಬಳೆ ಅಂಗೈಗೆ ಬಿದ್ದದ್ದೇ ಅಂಗೈ ಅದರ ತೂಕವನ್ನು ಹೇಳಿಬಿಟ್ಟಿತು. ಅವನು ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಅದರಷ್ಟಕ್ಕೆ ಅದು ಇಪ್ಪತ್ತಾರು ಗ್ರಾಮಿನ ಮೇಲೆ ಎಂದು ಹೇಳಿ ಸುಮ್ಮನಾಯಿತು. ಬಾಗಿಲಿನಲ್ಲಿ ಮಂಜುಶ್ರೀ ಕಾಫಿಯ ಲೋಟ ಹಿಡಿದು ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಅವಳ ಕಣ್ಣು ಅವನ ಕೈಯ ಮೇಲಿತ್ತು.

ಯೋಗರಾಜ ಎದ್ದು ನಿಂತ. "ಇದನ್ನ ನನ್ನ ಕೈಯಲ್ಲಿ ಕೊಡ್ಬೇಡಿ ಟೀಚರ್. ಇವ್ರ ಕೈಯಲ್ಲಿ ಕೊಡಿ, ಇವ್ರೇ ಕಪಾಟಿನಲ್ಲಿ ಇಡ್ಲಿ" ಎಂದ. ಬಳೆಗಳನ್ನು ಮಂಜುಶ್ರೀಯ ಕಡೆ ಚಾಚಿದ. ಅವಳು ಲೋಟವನ್ನು ಎಡಗೈಗೆ ಬದಲಾಯಿಸಿ, ಬಲ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಟೀಚರ ಮುಖದಲ್ಲಿ ನಗೆಯಿತ್ತು. ನಗೆ ಹಾಗೇ ಇದ್ದು, ಅದರ ಹಿಂದೆ ಏನೋ ಒಂದು ಸರಿದುಹೋದದ್ದು ಯೋಗರಾಜನಿಗೆ ಕಂಡಿತು. ಬಾಗಿಲಿಗೆ ಅಗಳಿ ಬಿದ್ದಷ್ಟು ಹೊತ್ತು, ಅದಕ್ಕಿಂತ ಹೆಚ್ಚಿಲ್ಲ. "ಅವ್ಳಿಗೆ ಎಂತಕ್ಕೆ ಸುಮ್ನೆ, ಕೈ ಒದ್ದೆ ಇದೆ" ಎಂದು ಟೀಚರು ಮುಂದೆ ಬಂದು ಬಳೆಗಳನ್ನು ತಾವೇ ತೆಗೆದುಕೊಂಡರು. ಕಪಾಟಿನಲ್ಲಿಟ್ಟು, ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ಅವನ ಕಡೆ ತಿರುಗಿ ಇನ್ನೊಮ್ಮೆ ಒಳ್ಳೆಯ ಮಾತು ಹೇಳಿದರು. ಅವನಿಗೆ ಕೇಳಿಸಲಿಲ್ಲ.

ಮಂಜುಶ್ರೀಯ ಬಲಗೈ ಇನ್ನೂ ಹಾಗೇ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿತ್ತು. ಅದನ್ನು ಅವಳು ಲೋಟದ ಬುಡಕ್ಕೆ ಆನಿಸಿ, ಎರಡೂ ಕೈಯಲ್ಲಿ ಹಿಡಿದು, ಅವನ ಎದುರಿಗೆ ತಂದಳು. "ಆರ್ತದೆ ಸರ್. ಕುಡೀರಿ" ಎಂದಳು.

ಅವನು ತೆಗೆದುಕೊಂಡ. ಬಿಸಿಯಿತ್ತು, ನಾಲಿಗೆ ಸುಟ್ಟಿತು. ಇಬ್ಬರು ಹೆಂಗಸರೂ ನೋಡುತ್ತಿರುವಾಗ, ನಿಂತಲ್ಲೇ, ಕೊನೆಯ ಗುಟುಕಿನ ತನಕ ಕುಡಿದು ಲೋಟವನ್ನು ಅವಳ ಕೈಗೆ ಕೊಟ್ಟ.